ಒಂದೇ ವಿಳಾಸ, ಎರಡು ಸಾಧನ: ತಪಾಸಣೆ ನಿಲ್ಲಿಸಿ ಮತ್ತೆ ಶುರು ಮಾಡಿದ ಒಂದು ಪ್ರಕರಣ

ನೆಟ್‌ವರ್ಕ್‌ನಲ್ಲಿ ಎರಡು ಸಾಧನಗಳಿಗೆ ಒಂದೇ ವಿಳಾಸ ಬಾರದಂತೆ ನೋಡಿಕೊಳ್ಳುವ ತಪಾಸಣೆಯನ್ನು ನಾವು ನಿಲ್ಲಿಸಿದ ಕಥೆ ಇದು. ಇದರಲ್ಲಿ ಬರುವ ಸಂಸ್ಥೆ, ಸಾಧನ ತಯಾರಕರು, ಕೆಲಸಗಾರರು ಯಾರೆಂದು ಗೊತ್ತಾಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಹಾಗೆಯೇ ಇಟ್ಟಿದ್ದೇನೆ. ನೆಟ್‌ವರ್ಕ್ ತಂಡದಲ್ಲಿ ನಾನೂ ಇದ್ದೆ. ಮುಂದೆ ತಪ್ಪೆಂದು ಗೊತ್ತಾದ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ಆಗ ಯಾಕೆ ಹಾಗೆ ಯೋಚಿಸಿದೆವು ಎಂಬುದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಹಿನ್ನೆಲೆ

ಮೂರು ದೊಡ್ಡ ಕಟ್ಟಡಗಳ ಗೋದಾಮು. ಸುಮಾರು 400 ಕೈಸಾಧನಗಳು. ಬಾರ್‌ಕೋಡ್ ಸ್ಕ್ಯಾನ್ ಮಾಡುವುದೂ ಅದರಲ್ಲೇ, ಕೆಲಸಗಾರರು ಪರಸ್ಪರ ಮಾತಾಡುವುದೂ ಅದರಲ್ಲೇ. ಒಳಗೆ ಲಿನಕ್ಸ್, ಸಂಪರ್ಕ ವೈಫೈನಲ್ಲಿ, ವಿಳಾಸ ಐಪಿವಿ6 (ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿ) ಮಾತ್ರ. ಒಂದೊಂದು ಕಟ್ಟಡಕ್ಕೂ ಪ್ರತ್ಯೇಕ ಸಬ್‌ನೆಟ್, ಅಂದರೆ ನೆಟ್‌ವರ್ಕ್‌ನ ಬೇರೆಯದೇ ತುಂಡು, ಇತ್ತು. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋದ ಸಾಧನ ಹೊಸ ಪ್ರಿಫಿಕ್ಸ್ (ಸಬ್‌ನೆಟ್ ಯಾವುದೆಂದು ಹೇಳುವ, ವಿಳಾಸದ ಮೊದಲ ಅರ್ಧ) ಹಿಡಿದು ಹೊಸ ವಿಳಾಸ ಕಟ್ಟಿಕೊಳ್ಳಬೇಕಿತ್ತು.

ದೂರು ಶುರುವಾದದ್ದು ಕಟ್ಟಡಗಳ ನಡುವಿನ ಬಾಗಿಲಲ್ಲಿ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಒಬ್ಬರು ಮುಂದೆ ನಡೆಯುತ್ತಾ ಸಾಧನದಲ್ಲಿ ದಾರಿ ಹೇಳುತ್ತಿದ್ದರು. ಬನ್ನಿ, ಬನ್ನಿ, ಸ್ವಲ್ಪ ಎಡಕ್ಕೆ. ಬಾಗಿಲು ದಾಟುತ್ತಿದ್ದಂತೆ ಮಾತು ಕಟ್. ಮೂರು ಸೆಕೆಂಡಿನ ನಂತರ ಮತ್ತೆ ಬರುತ್ತಿತ್ತು. ಅಷ್ಟರಲ್ಲಿ ‘ನಿಲ್ಲಿ’ ಎಂದು ಹೇಳಿದ್ದರೆ ಅದು ಚಾಲಕರ ಕಿವಿಗೆ ಬಿದ್ದಿರುತ್ತಿರಲಿಲ್ಲ. ಅಪಘಾತ ಆಗಿರಲಿಲ್ಲ, ಆದರೆ ಆಗಬಾರದೆಂಬ ಕಾರಣವೇನೂ ಇರಲಿಲ್ಲ. ನಮ್ಮ ಅವಸರಕ್ಕೆ ಇದೇ ಮೂಲ.

ಆ ಮೂರು ಸೆಕೆಂಡು ಎಲ್ಲಿ ಹೋಗುತ್ತಿತ್ತು

ವೈಫೈ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಂಕೇತ ಬಿತ್ತರಿಸುವ ಪೆಟ್ಟಿಗೆ) ಬಿಟ್ಟು ಇನ್ನೊಂದನ್ನು ಹಿಡಿಯಲು ತಡವಾಗುತ್ತಿದೆ ಎಂದು ಮೊದಲು ಅಂದುಕೊಂಡೆವು. ಅಳೆದು ನೋಡಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಸಮಯ ತಿನ್ನುತ್ತಿದ್ದದ್ದು ಅದರ ನಂತರದ ಹಂತ. ಆ ಹಂತಕ್ಕೆ ಡ್ಯೂಪ್ಲಿಕೇಟ್ ಅಡ್ರೆಸ್ ಡಿಟೆಕ್ಷನ್, ಅಂದರೆ ನಕಲಿ ವಿಳಾಸದ ತಪಾಸಣೆ, ಎಂದು ಹೆಸರು. ನಾವೆಲ್ಲ ಡ್ಯಾಡ್ ಎನ್ನುತ್ತೇವೆ.

ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ನಡೆಯುವ ನಿಯಮಗಳನ್ನು ಬರೆದಿಡುವ ದಾಖಲೆ. 2007ರ ಆರ್‌ಎಫ್‌ಸಿ 4862 ಹೇಳುವ ಕ್ರಮ ಹೀಗಿದೆ. ಸಾಧನ ತಾನು ಕಟ್ಟಿಕೊಂಡ ವಿಳಾಸವನ್ನು ಕೂಡಲೇ ಬಳಸುವಂತಿಲ್ಲ. ಅದು ಸದ್ಯಕ್ಕೆ ತಾತ್ಕಾಲಿಕ. ಈ ವಿಳಾಸ ಯಾರ ಬಳಿಯಾದರೂ ಇದೆಯೇ ಎಂದು ಕೇಳುವ ಒಂದು ನೈಬರ್ ಸಾಲಿಸಿಟೇಶನ್ ಸಂದೇಶವನ್ನು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಹಲವರಿಗೆ ಒಟ್ಟಿಗೇ ಕೇಳಿಸುವಂತೆ, ಕಳಿಸಬೇಕು. ಕೇಳುವ ಸಾಧನಕ್ಕೆ ಇನ್ನೂ ತನ್ನದೆನ್ನುವ ವಿಳಾಸ ಇಲ್ಲದಿರುವುದರಿಂದ ಕಳಿಸಿದವರ ಜಾಗ ಖಾಲಿ ಇರುತ್ತದೆ. ನಂತರ ಒಂದು ಸೆಕೆಂಡು ಕಾಯಬೇಕು. ಯಾರೂ ‘ನನ್ನದು’ ಎನ್ನದಿದ್ದರೆ ವಿಳಾಸ ತನ್ನದು. ಮೌನವೇ ಸಮ್ಮತಿ ಎನ್ನುವ ಲೆಕ್ಕ. ಎಲ್ಲ ಸಾಧನಗಳೂ ಒಟ್ಟಿಗೇ ಕೂಗಬಾರದೆಂದು, ಕೇಳುವ ಮೊದಲು ಸೊನ್ನೆಯಿಂದ ಒಂದು ಸೆಕೆಂಡಿನವರೆಗೆ ಯಾದೃಚ್ಛಿಕವಾಗಿ ತಡೆದುಕೊಳ್ಳುವುದೂ ಇದೆ.

ನಮ್ಮ ಸಾಧನದಲ್ಲಿ ಇದು ಎರಡು ಸಲ ನಡೆಯುತ್ತಿತ್ತು, ಅದೂ ಒಂದರ ಹಿಂದೆ ಒಂದು. ಕಟ್ಟಡ ಬದಲಾದಾಗ ಅದರ ರೋಮಿಂಗ್ ತಂತ್ರಾಂಶ ಇಂಟರ್‌ಫೇಸನ್ನೇ (ಸಾಧನದ ವೈಫೈ ಜೋಡಣೆಯನ್ನೇ) ಇಳಿಸಿ ಏರಿಸುತ್ತಿದ್ದುದರಿಂದ ಇದ್ದ ವಿಳಾಸಗಳೆಲ್ಲ ಹೋಗುತ್ತಿದ್ದವು. ಮೊದಲು ಆ ಸಬ್‌ನೆಟ್‌ನ ಒಳಗೆ ಮಾತ್ರ ನಡೆಯುವ ಲಿಂಕ್-ಲೋಕಲ್ ವಿಳಾಸ ಕಟ್ಟಿ, ಅದರ ತಪಾಸಣೆ ಮುಗಿದ ಮೇಲೆಯೇ ರೌಟರನ್ನು ಪ್ರಿಫಿಕ್ಸ್ ಕೇಳುತ್ತಿತ್ತು. ರೌಟರ್ ಉತ್ತರಿಸಲು ಅರ್ಧ ಸೆಕೆಂಡಿನವರೆಗೆ ತಡ ಮಾಡಬಹುದು. ಆಮೇಲೆ ಅದರ ಹೊರಗೂ ನಡೆಯುವ ಗ್ಲೋಬಲ್ ವಿಳಾಸ, ಅದಕ್ಕೆ ಮತ್ತೊಂದು ತಪಾಸಣೆ. ಕೂಡಿಸಿ ನೋಡಿ: ಕಡಿಮೆ ಎಂದರೆ 2 ಸೆಕೆಂಡು, ಹೆಚ್ಚೆಂದರೆ 4.5. ಮಾತಿನ ಪ್ಯಾಕೆಟ್ 20 ಮಿಲಿಸೆಕೆಂಡಿಗೆ ಒಂದರಂತೆ ಹೋಗುತ್ತದೆ, ಅಂದರೆ ಒಂದು ದಾಟಿಗೆ 100ರಿಂದ 225 ಪ್ಯಾಕೆಟ್ ನಷ್ಟ.

ಈ ಅಳತೆಯಲ್ಲಿ ಒಂದು ಸುಳಿವು ನಮ್ಮ ಕಣ್ಣೆದುರೇ ಇತ್ತು. ಕೆಲವೇ ಕೆಲವು ಸಾಧನಗಳು 4.5 ಸೆಕೆಂಡನ್ನೂ ಮೀರಿ, ಒಮ್ಮೊಮ್ಮೆ 6 ದಾಟುತ್ತಿದ್ದವು. ಮೇಲಿನ ಲೆಕ್ಕದ ಪ್ರಕಾರ ಹಾಗಾಗಲು ಸಾಧ್ಯವೇ ಇಲ್ಲ. ಅವು ರಿಪೇರಿಯಾಗಿ ಬಂದ ಹಳೆಯ ಸಾಧನಗಳು, ಆಂಟೆನಾ ದುರ್ಬಲವಾಗಿರಬೇಕು ಎಂದುಕೊಂಡು ಆ ಸಾಲುಗಳನ್ನು ಪಟ್ಟಿಯಿಂದ ತೆಗೆದುಬಿಟ್ಟೆವು. ಲೆಕ್ಕಕ್ಕೆ ಸಿಗದ ಅಂಕಿಯನ್ನು ಅಂದು ಹಿಡಿದು ಕೂತಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ತಪಾಸಣೆ ನಿಲ್ಲಿಸಿದೆವು

ಲಿನಕ್ಸ್‌ನಲ್ಲಿ ಡ್ಯಾಡ್_ಟ್ರಾನ್ಸ್‌ಮಿಟ್ಸ್ ಎಂಬ ಸೆಟ್ಟಿಂಗ್ ಇದೆ. ಸಾಮಾನ್ಯವಾಗಿ ಅದರ ಬೆಲೆ 1. ಅದನ್ನು 0 ಮಾಡಿದರೆ ತಪಾಸಣೆಯೇ ಇಲ್ಲ. ಇದು ಕಳ್ಳದಾರಿಯಲ್ಲ, ಆರ್‌ಎಫ್‌ಸಿಯೇ ಇದಕ್ಕೆ ಅವಕಾಶ ಕೊಟ್ಟಿದೆ. ತಯಾರಕರ ಕೈಪಿಡಿಯೂ ಇದನ್ನೇ ಸೂಚಿಸುತ್ತಿತ್ತು.

ಸಭೆಯಲ್ಲಿ ಒಬ್ಬರು ಕೇಳಿದರು, ‘ಒಂದು ವೇಳೆ ಇಬ್ಬರಿಗೆ ಒಂದೇ ವಿಳಾಸ ಬಂದರೆ?’ ಅದಕ್ಕೆ ನಾವು ಬೋರ್ಡಿನ ಮೇಲೆ ಬರೆದು ತೋರಿಸಿದ ಉತ್ತರ ನನಗೆ ಚೆನ್ನಾಗಿ ನೆನಪಿದೆ. ವಿಳಾಸದ ಕೊನೆಯ ಅರ್ಧ 64 ಬಿಟ್. ಅಂದರೆ 2ರ 64ನೇ ಘಾತದಷ್ಟು ಆಯ್ಕೆ. 400 ಸಾಧನಗಳಲ್ಲಿ 79,800 ಜೋಡಿ. ಒಂದು ಜೋಡಿಯಾದರೂ ತಾಳೆಯಾಗುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಆ ಗಣಿತ ನಿಲ್ಲುವುದು ಪ್ರತಿ ಸಾಧನವೂ ತನ್ನ ಸಂಖ್ಯೆಯನ್ನು ಬೇರೆಯವರ ಹಂಗಿಲ್ಲದೆ ಆರಿಸಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ನಮ್ಮ ಸಾಧನಗಳು ವಿಳಾಸವನ್ನು ಹೇಗೆ ಹುಟ್ಟಿಸುತ್ತವೆ ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಸೆಟ್ಟಿಂಗ್ ಬದಲಾಯಿತು. ಬಾಗಿಲಿನ ಮೌನ ಅರ್ಧ ಸೆಕೆಂಡಿನೊಳಗೆ ಬಂತು. ಚಾಲಕರು ತಾವಾಗಿಯೇ ಬಂದು ಈಗ ಸರಿಹೋಯಿತು ಎಂದರು. ಕಡತ ಮುಚ್ಚಿದೆವು.

ಆರು ವಾರದ ನಂತರ

ಮೊದಲ ದೂರು ನೆಟ್‌ವರ್ಕ್ ತಂಡಕ್ಕೆ ಬರಲೇ ಇಲ್ಲ. ಅದು ಹೋದದ್ದು ದಾಸ್ತಾನು ವಿಭಾಗಕ್ಕೆ. ಒಂದು ಪಾಳಿಯಲ್ಲಿ ಕೆಲವು ಪೆಟ್ಟಿಗೆಗಳು ತಪ್ಪು ಸಾಲಿಗೆ ಹೋಗಿದ್ದವು, ದಾಖಲೆಯಲ್ಲಿ ಒಬ್ಬ ಕೆಲಸಗಾರರ ಹೆಸರಿತ್ತು. ಅವರನ್ನು ಕರೆಸಿ ವಿಚಾರಿಸಿದಾಗ, ‘ನಾನು ಆ ಹೊತ್ತಿಗೆ ಆ ಕಟ್ಟಡದ ಆ ತುದಿಗೇ ಹೋಗಿಲ್ಲ ಸರ್’ ಎಂದರು. ಯಾರೂ ನಂಬಲಿಲ್ಲ. ಎರಡನೇ ವಾರ ಮತ್ತೆ ಹಾಗೇ ಆಯಿತು, ಈ ಸಲ ಬರಹದಲ್ಲಿ ಎಚ್ಚರಿಕೆ ಕೊಟ್ಟರು.

ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಸರ್ವರ್‌ನ ದಾಖಲೆ ಒಂದು ಕಡೆ, ಮನುಷ್ಯನ ಮಾತು ಇನ್ನೊಂದು ಕಡೆ. ಎಲ್ಲರೂ ದಾಖಲೆಯನ್ನೇ ನಂಬಿದರು.

ಅದೇ ದಿನಗಳಲ್ಲಿ ನಮ್ಮ ಬಳಿಗೂ ಸಣ್ಣ ದೂರುಗಳು ಬರತೊಡಗಿದವು. ಕರೆ ಮಧ್ಯದಲ್ಲಿ ಒಂದು ಕಡೆಯ ಧ್ವನಿ ಮಾತ್ರ ಕೇಳುತ್ತದೆ, ಸ್ಕ್ಯಾನ್ ಮಾಡಿದರೆ ‘ಸಂಪರ್ಕ ಕಡಿದುಹೋಗಿದೆ’ ಎಂದು ಬರುತ್ತದೆ, ಎರಡು ನಿಮಿಷ ಬಿಟ್ಟು ಎಲ್ಲ ಸರಿ. ಎಲ್ಲ ಸಾಧನಗಳಲ್ಲಿ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ. ಅಪ್ಲಿಕೇಶನ್ ತಂಡ ರೇಡಿಯೊ ಸರಿಯಿಲ್ಲವೆಂದಿತು. ನಾವು ಅಪ್ಲಿಕೇಶನ್ ಸರಿಯಿಲ್ಲವೆಂದೆವು. ಒಂದು ವಾರ ಇದರಲ್ಲೇ ಹೋಯಿತು. ಎರಡು ಆಕ್ಸೆಸ್ ಪಾಯಿಂಟ್ ಬದಲಿಸಿದೆವು, ಏನೂ ಆಗಲಿಲ್ಲ.

ತಿರುವು ಸಿಕ್ಕಿದ್ದು ರೌಟರ್‌ನ ನೈಬರ್ ಟೇಬಲ್‌ನಲ್ಲಿ, ಅಂದರೆ ಯಾವ ಐಪಿ ವಿಳಾಸ ಯಾವ ಸಾಧನದ್ದು ಎಂದು ಅದು ಬರೆದಿಟ್ಟುಕೊಳ್ಳುವ ಪಟ್ಟಿಯಲ್ಲಿ. ದೂರು ಕೊಟ್ಟವರೊಬ್ಬರ ಪಕ್ಕದಲ್ಲೇ ನಿಂತು, ಅವರ ಸಾಧನದ ವಿಳಾಸವನ್ನು ಆ ಟೇಬಲ್‌ನಲ್ಲಿ ಹತ್ತು ಸೆಕೆಂಡಿಗೊಮ್ಮೆ ಓದುತ್ತಾ ಹೋದೆ. ಐಪಿ ವಿಳಾಸದ ಎದುರಿಗಿರುವ ಮ್ಯಾಕ್ ವಿಳಾಸದ (ಸಾಧನದ ಯಂತ್ರಾಂಶಕ್ಕೇ ಅಂಟಿದ ಗುರುತು ಸಂಖ್ಯೆಯ) ಕೊನೆ 37 ಇತ್ತು. ಮತ್ತೆ 37. ಮತ್ತೆ 37. ಆಮೇಲೆ 82. ಅವರ ಕೈಯಲ್ಲಿದ್ದ ಸಾಧನದ ಹಿಂಬದಿಯ ಚೀಟಿ ನೋಡಿದೆ: 37. ‘ಈಗ ಕರೆ ಕಟ್ ಆಯ್ತು ನೋಡಿ’ ಎಂದರು ಅವರು. ಟೇಬಲ್‌ನಲ್ಲಿ ಇನ್ನೂ 82 ಇತ್ತು. ಕೊನೆ 82 ಇರುವ ಸಾಧನ ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಬೇರೊಬ್ಬರ ಕೈಯಲ್ಲಿತ್ತು.

ಅಲ್ಲಿಂದ ಮುಂದಕ್ಕೆ ಎಲ್ಲ ಬಿಡಿಸಿಕೊಂಡಿತು. ಎರಡೂ ಸಾಧನಗಳ ಬಳಿ ಒಂದೇ ವಿಳಾಸ. ಯಾವುದು ಕೊನೆಯ ಬಾರಿ ರೌಟರ್ ಜೊತೆ ಮಾತಾಡಿತೋ ಅದರ ಮ್ಯಾಕ್ ಟೇಬಲ್‌ನಲ್ಲಿ ಕೂರುತ್ತದೆ, ಇಬ್ಬರ ಪ್ಯಾಕೆಟ್‌ಗಳೂ ಅದಕ್ಕೇ ಹೋಗುತ್ತವೆ. ತನಗೆ ಗೊತ್ತೇ ಇಲ್ಲದ ಟಿಸಿಪಿ ಸಂಪರ್ಕದ ಪ್ಯಾಕೆಟ್ ಬಂದರೆ ಸಾಧನ ರೀಸೆಟ್ ಕಳಿಸುತ್ತದೆ, ಇನ್ನೊಬ್ಬರ ಸಂಪರ್ಕ ಕಡಿಯುತ್ತದೆ. ಇನ್ನು ದಾಸ್ತಾನು ಸರ್ವರ್, ಯಾರು ಲಾಗಿನ್ ಆಗಿದ್ದಾರೆ ಎಂಬುದನ್ನು ಐಪಿ ವಿಳಾಸದ ಮೇಲೆ ನೆನಪಿಟ್ಟುಕೊಳ್ಳುತ್ತಿತ್ತು. ಒಬ್ಬರ ಸ್ಕ್ಯಾನ್ ಇನ್ನೊಬ್ಬರ ಹೆಸರಿಗೆ ಬಿದ್ದದ್ದು ಹಾಗೆ. ವಿಳಾಸವನ್ನೇ ವ್ಯಕ್ತಿಯ ಗುರುತು ಎಂದು ಹಿಡಿದದ್ದು ಆ ಸರ್ವರ್‌ನ ತಪ್ಪು ಹೌದು, ಆದರೆ ಆ ತಪ್ಪಿಗೆ ಬಾಗಿಲು ತೆರೆದವರು ನಾವು.

ಅಸಾಧ್ಯವೆಂದುಕೊಂಡದ್ದು ಆದದ್ದು ಹೇಗೆ

ಈ ಸಾಧನಗಳು ವಿಳಾಸದ ಕೊನೆಯ ಅರ್ಧವನ್ನು 2014ರ ಆರ್‌ಎಫ್‌ಸಿ 7217ರ ವಿಧಾನದಲ್ಲಿ ಹುಟ್ಟಿಸುತ್ತಿದ್ದವು. ಮ್ಯಾಕ್ ವಿಳಾಸವನ್ನು ನೇರವಾಗಿ ಐಪಿ ವಿಳಾಸದೊಳಗೆ ತೂರಿಸಿದರೆ ಸಾಧನ ಎಲ್ಲಿ ಹೋದರೂ ಗುರುತು ಸಿಗುತ್ತದೆ, ಅದನ್ನು ತಪ್ಪಿಸಲು ಬಂದ ಒಳ್ಳೆಯ ವಿಧಾನ ಇದು. ಪ್ರಿಫಿಕ್ಸ್, ಇಂಟರ್‌ಫೇಸ್‌ನ ಗುರುತು, ಒಂದು ರಹಸ್ಯ ಕೀಲಿ, ಡ್ಯಾಡ್ ಎಣಿಕೆ (ತಪಾಸಣೆಯಲ್ಲಿ ಎಷ್ಟು ಸಲ ನಕಲು ಸಿಕ್ಕಿತೆಂಬ ಲೆಕ್ಕ), ಇವನ್ನೆಲ್ಲ ಸೇರಿಸಿ ಹ್ಯಾಶ್ ಮಾಡಿದರೆ, ಅಂದರೆ ಲೆಕ್ಕದಲ್ಲಿ ಕಲಸಿದರೆ, ಬರುವ ಸಂಖ್ಯೆಯೇ ವಿಳಾಸದ ಕೊನೆಯ ಅರ್ಧ. ಒಂದೇ ಜಾಗಕ್ಕೆ ಮರಳಿದರೆ ಅದೇ ವಿಳಾಸ, ಬೇರೆ ಜಾಗದಲ್ಲಿ ಬೇರೆ.

ಹೊಸದಾಗಿ ಬಂದ ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲಿ ಬೇರೆ ಬೇರೆ ಕೀಲಿ ಹಾಕಿದ್ದರು. ಆದರೆ ರಿಪೇರಿಗೆ ಹೋದ 11 ಸಾಧನಗಳಲ್ಲಿ, ಸರಿಯಿದ್ದ ಒಂದು ಸಾಧನದ ಪೂರ್ತಿ ಇಮೇಜನ್ನು (ಅದರೊಳಗಿನ ತಂತ್ರಾಂಶವನ್ನೆಲ್ಲ) ನಕಲು ಮಾಡಿ ತುಂಬಿದ್ದರು. ಕೀಲಿಯೂ ನಕಲಾಯಿತು. ಇಂಟರ್‌ಫೇಸ್‌ನ ಗುರುತಾಗಿ ಈ ತಂತ್ರಾಂಶ ಬಳಸುತ್ತಿದ್ದದ್ದು ಅದರ ಹೆಸರನ್ನು ಮಾತ್ರ, ಅದು ಎಲ್ಲ ಸಾಧನಗಳಲ್ಲೂ ಒಂದೇ. ಹೀಗಾಗಿ 11ರಲ್ಲಿ ಯಾವುದೇ ಎರಡು ಒಂದೇ ಕಟ್ಟಡಕ್ಕೆ ಬಂದರೆ ಒಂದೇ ವಿಳಾಸ ಬರುವುದು ಖಚಿತ. ಸಾಧ್ಯತೆಯ ಪ್ರಶ್ನೆಯೇ ಅಲ್ಲ.

ಹಾಗಾದರೆ ಮೊದಲು ಯಾಕೆ ತೊಂದರೆಯಾಗಿರಲಿಲ್ಲ? ಹಳೆಯ ಲಾಗ್‌ಗಳನ್ನು ತೆಗೆದೆವು. ತಪಾಸಣೆ ನಿಲ್ಲಿಸುವ ಮುಂಚಿನ ತಿಂಗಳುಗಳಲ್ಲಿ ಅದೇ 11 ಸಾಧನಗಳಿಂದ ‘ನಕಲಿ ವಿಳಾಸ ಪತ್ತೆ’ ಎಂಬ ಸಾಲು ದಿನವೂ ಬಿದ್ದಿತ್ತು. ಪ್ರತಿ ಸಲವೂ ಎರಡನೆಯದಾಗಿ ಬಂದ ಸಾಧನ ತನ್ನ ಡ್ಯಾಡ್ ಎಣಿಕೆಯನ್ನು ಒಂದು ಹೆಚ್ಚಿಸಿ, ಹೊಸ ಹ್ಯಾಶ್ ತೆಗೆದು, ಬೇರೆ ವಿಳಾಸ ಕಟ್ಟಿ, ಅದನ್ನೂ ತಪಾಸಿಸಿ ಮುಂದೆ ಹೋಗಿತ್ತು. 6 ಸೆಕೆಂಡು ದಾಟುತ್ತಿದ್ದ ಆ ‘ದುರ್ಬಲ ಆಂಟೆನಾ’ಗಳು ಇವೇ. ಯಾರಿಗೂ ಹೇಳದೆ, ಯಾರೂ ಕೇಳದೆ ದಿನವೂ ನಡೆಯುತ್ತಿದ್ದ ರಿಪೇರಿಯನ್ನು ನಾವು ವ್ಯರ್ಥ ಕಾಯುವಿಕೆ ಎಂದು ತೆಗೆದುಹಾಕಿದ್ದೆವು.

ಆ ಲಾಗ್‌ಗಳನ್ನು ಮುದ್ರಿಸಿಕೊಂಡು ಮೊದಲು ಹೋದದ್ದು ದಾಸ್ತಾನು ವಿಭಾಗಕ್ಕೆ. ಎಚ್ಚರಿಕೆ ಪತ್ರ ವಾಪಸಾಯಿತು, ದಾಖಲೆ ತಿದ್ದಿದರು. ಆ ಕೆಲಸಗಾರರನ್ನು ಭೇಟಿ ಮಾಡಿ ಏನಾಗಿತ್ತೆಂದು ನಾನೇ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ‘ಆಗಲೇ ಒಂದು ಸಲ ನೋಡಬಹುದಿತ್ತಲ್ಲ ಸರ್’ ಎಂದಷ್ಟೇ ಹೇಳಿದರು.

ಮತ್ತೆ ಆನ್ ಮಾಡಿದರೆ ಸಾಕೇ

ಅಂದೇ ಸಂಜೆ ತಪಾಸಣೆಯನ್ನು ಮತ್ತೆ ಆನ್ ಮಾಡಿದೆವು. ಮರುದಿನವೇ ಬಾಗಿಲಿನ ಮೌನ ಮರಳಿತು. ಚಾಲಕರು ಸಿಟ್ಟಾದದ್ದು ಸಹಜ. ಇನ್ನೇನು ದಾರಿಯಿದೆ ಎಂದು ಈ ಸಲ ನಿಧಾನವಾಗಿ ಯೋಚಿಸಿದೆವು.

ನಕಲಿ ಕೀಲಿಗಳನ್ನು ಸರಿಪಡಿಸಿ ತಪಾಸಣೆಯನ್ನು ಆಫ್‌ನಲ್ಲೇ ಇಡೋಣ ಎಂಬ ಸಲಹೆ ಬಂತು. ನಾನು ವಿರೋಧಿಸಿದೆ. ಮುಂದಿನ ಸಲ ನಕಲಾಗುವುದು ಯಾವುದು ಎಂದು ಯಾರಿಗೆ ಗೊತ್ತು? ಸರ್ವರ್‌ನಿಂದಲೇ ವಿಳಾಸ ಹಂಚೋಣ ಎಂದರು ಇನ್ನೊಬ್ಬರು. ಆದರೆ ಡಿಎಚ್‌ಸಿಪಿಯಿಂದ (ಹಾಗೆ ಹಂಚುವ ಪದ್ಧತಿಯಿಂದ) ಬಂದ ವಿಳಾಸವನ್ನೂ ಬಳಸುವ ಮೊದಲು ತಪಾಸಿಸಬೇಕು, ಕಾಯುವುದು ತಪ್ಪುವುದಿಲ್ಲ. ಮೂರು ಕಟ್ಟಡಕ್ಕೂ ಒಂದೇ ಸಬ್‌ನೆಟ್ ಹಾಸಿದರೆ ದಾಟುವ ಪ್ರಶ್ನೆಯೇ ಇರುವುದಿಲ್ಲ, ಆದರೆ 400 ಸಾಧನಗಳ ಮಲ್ಟಿಕಾಸ್ಟ್ ಎಲ್ಲ ಕಡೆಗೂ ಹರಡುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಇಲ್ಲಿಯವರೆಗೆ ನಾವು ಕೇಳಿಕೊಂಡಿದ್ದ ಪ್ರಶ್ನೆ, ತಪಾಸಣೆ ಬೇಕೇ ಬೇಡವೇ ಎಂಬುದು. ತಂಡದ ಅತಿ ಕಿರಿಯರೊಬ್ಬರು ಅದನ್ನು ಬದಲಿಸಿದರು: ಕಾಯುವ ಹೊತ್ತಿನಲ್ಲಿ ಸಾಧನ ಸುಮ್ಮನೆ ಕೂರಲೇಬೇಕೇ? ಇದಕ್ಕೆ ಉತ್ತರ 2006ರಲ್ಲೇ ಬರೆದಿತ್ತು, ಆರ್‌ಎಫ್‌ಸಿ 4429ರಲ್ಲಿ. ಅದರ ಹೆಸರು ಆಪ್ಟಿಮಿಸ್ಟಿಕ್ ಡ್ಯಾಡ್. ತಪಾಸಣೆ ಎಂದಿನಂತೆ ನಡೆಯುತ್ತದೆ, ಆದರೆ ಅದು ಮುಗಿಯುವವರೆಗೆ ಕಾಯದೆ ಸಾಧನ ಆ ವಿಳಾಸದಿಂದ ಪ್ಯಾಕೆಟ್ ಕಳಿಸಬಹುದು. ಅಷ್ಟು ಹೊತ್ತು ಅದು ಬಹಳ ಜಾಗರೂಕವಾಗಿ ನಡೆದುಕೊಳ್ಳಬೇಕು, ಅಷ್ಟೇ.

ಈ ಜಾಗರೂಕತೆಯಲ್ಲೇ ಇದರ ಸೊಗಸಿದೆ, ನನಗೆ ಬಹಳ ಇಷ್ಟವಾದದ್ದೂ ಇದೇ. ಬೇರೆಯವರ ನೈಬರ್ ಟೇಬಲ್‌ನಲ್ಲಿ ಈಗಾಗಲೇ ಇರುವ ನಮೂದನ್ನು ಅಳಿಸುವಂಥ ಯಾವ ಸಂದೇಶವನ್ನೂ ಸಾಧನ ಕಳಿಸಕೂಡದು. ಉತ್ತರ ಕೊಡುವಾಗ, ಹಳೆಯದನ್ನು ತೆಗೆದು ನನ್ನದನ್ನು ಬರೆದುಕೋ ಎನ್ನುವ ಓವರ್‌ರೈಡ್ ಗುರುತು ಹಾಕಕೂಡದು. ಆ ವಿಳಾಸದಿಂದ ನೈಬರ್ ಸಾಲಿಸಿಟೇಶನ್ ಕಳಿಸಕೂಡದು. ಪಕ್ಕದ ಸಾಧನದ ಮ್ಯಾಕ್ ಗೊತ್ತಿಲ್ಲದಿದ್ದರೆ ಪ್ಯಾಕೆಟನ್ನು ರೌಟರ್ ಕೈಗೇ ಕೊಡಬೇಕು. ಹೀಗಾಗಿ ಒಂದು ವೇಳೆ ವಿಳಾಸ ಬೇರೆಯವರದ್ದೇ ಆಗಿದ್ದರೂ ಅದರ ನಿಜವಾದ ಒಡೆಯರಿಗೆ ಆಗುವ ತೊಂದರೆ ತೀರಾ ಕಡಿಮೆ. ನಷ್ಟವಾಗುವುದು ಅವಸರ ಮಾಡಿದ ಸಾಧನಕ್ಕೆ.

ತಪಾಸಣೆ ಆಫ್ ಮಾಡಿದಾಗ ಇದು ತಲೆಕೆಳಗಾಗಿತ್ತು: ಅವಸರ ಮಾಡಿದ್ದು ಒಂದು ಸಾಧನ, ಪೆಟ್ಟು ತಿಂದದ್ದು ಇನ್ನೊಂದು.

ಜಾರಿಗೆ ತರುವುದು ಸುಲಭವಾಗಲಿಲ್ಲ. ಸಾಧನದ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಈ ಸೌಲಭ್ಯವನ್ನು ಸೇರಿಸಿಯೇ ಇರಲಿಲ್ಲ, ತಯಾರಕರಿಂದ ಹೊಸ ಕರ್ನಲ್ ತರಿಸಬೇಕಾಯಿತು. ತಪಾಸಣೆ ಮುಗಿಯದ ವಿಳಾಸವನ್ನು ಕರ್ನಲ್ ಎರಡನೇ ದರ್ಜೆಯದೆಂದು ಕಾಣುವುದರಿಂದ, ಕರೆಗೆ ಅದನ್ನೇ ಆರಿಸುವಂತೆ ಇನ್ನೊಂದು ಸೆಟ್ಟಿಂಗ್ ಕೂಡ ಬದಲಿಸಬೇಕಾಯಿತು.

ನಿದ್ದೆಯಲ್ಲಿರುವವರ ಮೌನ

ಹೊಸ ಕರ್ನಲ್ ಬಂದ ಮೇಲೆ, ಬೇಕೆಂದೇ ಒಂದೇ ಕೀಲಿ ಹಾಕಿದ ಎರಡು ಸಾಧನಗಳನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದೆವು. ಬಹುತೇಕ ಸಲ ಎರಡನೆಯದು ನಕಲನ್ನು ಹಿಡಿಯಿತು. ಕೆಲವು ಸಲ ಹಿಡಿಯಲಿಲ್ಲ.

ಕಾರಣ ವೈಫೈ. ಸಾಧನದಿಂದ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಸಂದೇಶಕ್ಕೆ ಸ್ವೀಕೃತಿ ಇರುತ್ತದೆ. ಆದರೆ ಆಕ್ಸೆಸ್ ಪಾಯಿಂಟ್ ಅದನ್ನು ಮಲ್ಟಿಕಾಸ್ಟ್ ಆಗಿ ಮತ್ತೆ ಬಿತ್ತರಿಸುವಾಗ ಸ್ವೀಕೃತಿ ಇಲ್ಲ, ಕಳೆದುಹೋದರೆ ಮತ್ತೆ ಕಳಿಸುವುದೂ ಇಲ್ಲ. ಮೊದಲ ಸಾಧನ ಬ್ಯಾಟರಿ ಉಳಿಸಲು ನಿದ್ದೆಯಲ್ಲಿದ್ದರೆ ಪ್ರಶ್ನೆಯೇ ಅದರ ಕಿವಿಗೆ ಬೀಳದೆ ಹೋಗಬಹುದು. ಮೌನವನ್ನು ಸಮ್ಮತಿ ಎಂದು ತಿಳಿಯುವ ಪದ್ಧತಿಯಲ್ಲಿ ಇದು ದೊಡ್ಡ ರಂಧ್ರ.

ಆಕ್ಸೆಸ್ ಪಾಯಿಂಟ್‌ಗಳನ್ನೆಲ್ಲ ನಿಯಂತ್ರಿಸುವ ನಮ್ಮ ವೈಫೈ ಕಂಟ್ರೋಲರ್‌ನಲ್ಲಿ, ನಿದ್ದೆಯಲ್ಲಿರುವ ಸಾಧನದ ಪರವಾಗಿ ತಾನೇ ಉತ್ತರಿಸುವ ಸೌಲಭ್ಯ ಇತ್ತು. ಅದನ್ನು ಆನ್ ಮಾಡಿದೆವು. ಆಗ ಇನ್ನೊಂದು ಸಂಗತಿ ಗೊತ್ತಾಯಿತು. ಯಾವ ವಿಳಾಸ ಯಾವ ಸಾಧನದ್ದು ಎಂಬುದನ್ನು ಕಂಟ್ರೋಲರ್ ಕಲಿಯುವುದೇ ಆ ತಪಾಸಣೆಯ ಸಂದೇಶವನ್ನು ಕದ್ದು ಕೇಳಿ. 2012ರ ಆರ್‌ಎಫ್‌ಸಿ 6620 ಕೂಡ ವಿಳಾಸದ ದುರ್ಬಳಕೆ ತಡೆಯಲು ಇದೇ ಸಂದೇಶವನ್ನು ನೆಚ್ಚಿಕೊಂಡಿದೆ. ತಪಾಸಣೆ ನಿಂತಿದ್ದ ದಿನಗಳಲ್ಲಿ ಆ ಸಂದೇಶವೇ ಹೊರಡುತ್ತಿರಲಿಲ್ಲ, ಕಂಟ್ರೋಲರ್‌ನ ಪಟ್ಟಿ ಅರ್ಧಂಬರ್ಧವಾಗಿತ್ತು. ಒಂದು ಸೆಟ್ಟಿಂಗ್ ಬದಲಿಸುವಾಗ, ಆ ಸಂದೇಶವನ್ನು ಬೇರೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಾವು ವಿಚಾರಿಸಿರಲೇ ಇಲ್ಲ.

ಆದದ್ದು

11 ಸಾಧನಗಳಿಗೂ ಹೊಸ ಕೀಲಿ ಹಾಕಿದೆವು. ಇಮೇಜ್ ತುಂಬಿದ ಮೇಲೆ ಮೊದಲ ಬಾರಿ ಆನ್ ಆದಾಗ ಕೀಲಿಯನ್ನು ಹೊಸದಾಗಿ ಹುಟ್ಟಿಸುವಂತೆ ರಿಪೇರಿಯ ಕ್ರಮ ಬದಲಾಯಿತು. ದಾಸ್ತಾನು ಸರ್ವರ್ ಈಗ ಲಾಗಿನ್ ಟೋಕನ್ (ಲಾಗಿನ್ ಆದವರಿಗೆ ಕೊಡುವ ಗುರುತು) ನೋಡುತ್ತದೆ, ಐಪಿ ವಿಳಾಸವನ್ನಲ್ಲ.

ಬಾಗಿಲಿನ ಮೌನ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿದಿದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ರೌಟರ್ ಉತ್ತರಿಸುವ ಮೊದಲು ತಡೆದುಕೊಳ್ಳುವ ಹೊತ್ತು. ಮೊಬೈಲ್ ಐಪಿವಿ6ಗೆ ಸಂಬಂಧಿಸಿದ ಆರ್‌ಎಫ್‌ಸಿ 6275, ರೌಟರ್ ತಾನಾಗಿಯೇ 0.03ರಿಂದ 0.07 ಸೆಕೆಂಡಿಗೊಮ್ಮೆ ಪ್ರಿಫಿಕ್ಸ್ ಸಾರಲು ಅವಕಾಶ ಕೊಡುತ್ತದೆ. ಅದನ್ನು ಮಾಡಿದರೆ ಇನ್ನೂ ಕಡಿಮೆಯಾಗುತ್ತಿತ್ತು. ಆದರೆ ನಿದ್ದೆಯಲ್ಲಿರುವ ಸಾಧನಗಳನ್ನೆಲ್ಲ ಆ ಸಾರುವಿಕೆ ಎಬ್ಬಿಸುತ್ತಲೇ ಇರುತ್ತದೆ, ಪಾಳಿ ಮುಗಿಯುವವರೆಗೆ ಬ್ಯಾಟರಿ ಬಾರದು. ಬೇಡವೆಂದು ಬಿಟ್ಟೆವು. ಅದರ ಬದಲು ಫೋರ್ಕ್‌ಲಿಫ್ಟ್ ಹಿಂದಕ್ಕೆ ತರುವಾಗ ಬಾಗಿಲಿನಲ್ಲಿ ಒಮ್ಮೆ ನಿಂತು, ಧ್ವನಿ ಕೇಳಿಸಿದ ಮೇಲೆಯೇ ಮುಂದುವರಿಯಬೇಕೆಂಬ ನಿಯಮವನ್ನು ಚಾಲಕರೇ ಮಾಡಿಕೊಂಡರು.

‘ನಕಲಿ ವಿಳಾಸ ಪತ್ತೆ’ ಎಂಬ ಸಾಲುಗಳನ್ನು ಈಗ ದಿನವೂ ಬೆಳಿಗ್ಗೆ ಎಣಿಸುತ್ತೇವೆ. ಹಲವು ವಾರ ಸೊನ್ನೆಯೇ ಬಂತು. ಆಮೇಲೊಂದು ದಿನ ಒಂದು ಬಂತು. ಹುಡುಕಿಕೊಂಡು ಹೋದರೆ, ಮೇಲ್ವಿಚಾರಕರ ಡ್ರಾಯರ್‌ನಲ್ಲಿ ಮರೆತುಹೋಗಿದ್ದ ಒಂದು ಹೆಚ್ಚುವರಿ ಸಾಧನವನ್ನು ಯಾರೋ ತುರ್ತಿಗೆಂದು ಆನ್ ಮಾಡಿದ್ದರು. ಆ ಇಮೇಜನ್ನು ನಕಲು ಮಾಡಿದ್ದು ಅದರಿಂದಲೇ, ಮೂಲ ಕೀಲಿ ಅದರದ್ದೇ. 11ರಲ್ಲಿ ಒಂದಕ್ಕೆ ಹೊಸ ಕೀಲಿ ಸರಿಯಾಗಿ ಕೂತಿರಲಿಲ್ಲವೆಂದು ಆಗ ತಿಳಿಯಿತು. ಆ ಹೊತ್ತಿಗೆ ಡ್ರಾಯರ್‌ನ ಸಾಧನ ತನ್ನ ಎಣಿಕೆಯನ್ನು ಒಂದು ಹೆಚ್ಚಿಸಿ ಬೇರೆ ವಿಳಾಸ ಹಿಡಿದು ಕೆಲಸ ಮಾಡುತ್ತಿತ್ತು. ಇನ್ನೊಂದನ್ನು ಹಿಡಿದಿದ್ದ ಕೆಲಸಗಾರರಿಗೆ ಏನೂ ಗೊತ್ತಾಗಿರಲಿಲ್ಲ, ಅವರ ಹೆಸರಿನಲ್ಲಿದ್ದ ಸ್ಕ್ಯಾನ್‌ಗಳೆಲ್ಲ ಅವರವೇ ಆಗಿದ್ದವು.